ಹಗುರವಾದ ರೇಡಿಯೊ

ನಮ್ಮೂರು ತಿಗನಾರೆಯಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಸೈನ್ಯದಲ್ಲಿ ಸಂದೇಶ ಕಳಿಸುವ ಭಾರದ ರೇಡಿಯೊ ಹೊತ್ತು ಗುಡ್ಡ ಹತ್ತಿದವರು. ನಿವೃತ್ತರಾದ ಮೇಲೆ ನನ್ನಿಂದ ಪೇಪರು ಓದಿಸಿಕೊಳ್ಳುತ್ತಿದ್ದರು. ಸೈನ್ಯಕ್ಕೆ ಕೋಟಿಗಟ್ಟಲೆ ಖರ್ಚಿನಲ್ಲಿ ಹೊಸ ಸಲಕರಣೆ ಬರಲಿದೆಯೆಂದು ಓದಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಗಡೀಲಿರೋ ಐಕ್ಳ ಕೈಗೆ ಯಾವಾಗ ಬತ್ತದಂತವ್ವ?" ಅದನ್ನು ಮಾತ್ರ ಪೇಪರಿನವರು ಬರೆದಿರುತ್ತಿರಲಿಲ್ಲ.

ಸೈನ್ಯ ಸೇರಿದ್ದ ಅವರ ತಮ್ಮನ ಮಗ ಒಮ್ಮೆ ರಜೆಗೆ ಬಂದ. ಜೇಬಿನಲ್ಲಿ ಹೊಸ ಮೊಬೈಲು ಇತ್ತು.

"ಅಗುರವಾದ ರೇಡಿಯೊ ಕೊಟ್ರೇನ್ಲಾ?" ಎಂದು ಅದನ್ನು ನೋಡಿ ಅವರು ಕೇಳಿದರು.

"ಇಲ್ಲ ದೊಡ್ಡಪ್ಪ, ನೀವು ಬೆನ್ನ ಮೇಲೆ ಒತ್ತಿದ್ದಂತದ್ದೇ."

ಅವರು ತಮ್ಮ ಟವಲನ್ನು ಮಡಿಸಿ ಅವನ ಹೆಗಲ ಮೇಲಿಟ್ಟರು. "ರೇಡಿಯೊ ಪಟ್ಟಿ ಕೆಳ್ಗೆ ಇಂಗೆ ಇಟ್ಕೊ. ಎಗಲು ಕುಯ್ಯಕಿಲ್ಲ."

ರಜೆ ಮುಗಿದಾಗ ಅವನು ಆ ಟವಲಿನೊಂದಿಗೆ ಬಸ್ಸು ಹತ್ತಿದ. ಬಸ್ಸು ಮರೆಯಾದ ಮೇಲೂ ಅವರು ಅಲ್ಲೇ ನಿಂತಿದ್ದರು. ಜೊತೆಗೆ ಹೋಗಿದ್ದ ನಾನು ಅವರನ್ನು ಬಿಟ್ಟು ಮನೆಗೆ ಬಂದುಬಿಟ್ಟೆ. ಈಗ ಅವರಿಲ್ಲ. ಅವತ್ತು ಅವರ ಪಕ್ಕದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.