ನೀರಲ್ಲೇ ಬಿಟ್ಟು ಬಂದ ಬಲೆ

ಆ ದಿನಗಳಲ್ಲಿ ನಮ್ಮ ಕೋಡಿಬಾಗದಲ್ಲಿ ಮಳೆಗಾಲ ಅಂದರೆ ಕಥೆಯ ಕಾಲ. ದೋಣಿಗಳು ತೆಂಗಿನ ಮಡಲು ಹೊದ್ದು ದಡದ ಮೇಲೆ ಮಲಗಿರುತ್ತಿದ್ದವು. ಬಲೆ ಇಡುವ ಹಂಚಿನ ಮಾಡಿನೊಳಗೆ ಗಂಡಸರು ಕಾಲು ಚಾಚಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಹೊರಗೆ ಕಾಳಿ ನದಿ ಕೆಂಪಾಗಿ ಹರಿಯುತ್ತಿತ್ತು, ಆಚೆ ದಡದ ಚಿತ್ತಾಕುಲ ಮಳೆಯಲ್ಲಿ ಕಾಣದಾಗುತ್ತಿತ್ತು. ಒಳಗೆ ಒಣಮೀನಿನ ವಾಸನೆ, ಬೀಡಿಯ ವಾಸನೆ, ಕೆಂಡದಲ್ಲಿ ಸುಡುತ್ತಿದ್ದ ಹಲಸಿನ ಬೀಜದ ವಾಸನೆ. ಬೀಜ ಪಟ್ ಎಂದು ಸಿಡಿದರೆ ಅದು ಯಾರ ಕೈಗೆ ಮೊದಲು ಸಿಕ್ಕಿತೋ ಅವರದು. ಆ ಓಟದಲ್ಲಿ ದೊಡ್ಡವರು, ಸಣ್ಣವರು ಅನ್ನುವ ಭೇದ ಇರಲಿಲ್ಲ.

ಆ ವರ್ಷ ಅಂಕೋಲೆಯ ಮಾವ ನನಗೊಂದು ಪುಸ್ತಕ ತಂದುಕೊಟ್ಟಿದ್ದ. ಹೆಸರು ‘ಗುಂಡುಮಾಮನ ಮಹಾಬಲೆ’. ಶಾಲೆಯ ಕಪಾಟಿನಿಂದ ಹೊರಹಾಕಿದ್ದು. ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ನಾನು ಓದಬೇಕು, ಇಡೀ ಮಾಡು ಕೇಳಬೇಕು, ಅದು ಪದ್ಧತಿ. ಕಥೆ ಇಷ್ಟೇ: ಬಡಾಯಿಕೋರ ಗುಂಡುಮಾಮ ಸಮುದ್ರದಷ್ಟು ದೊಡ್ಡ ಬಲೆ ಮಾಡಿ ನೀರಿಗೆ ಬಿಡುತ್ತಾನೆ. ಅದು ಊರವರು ಎಷ್ಟು ಎಳೆದರೂ ಬರುವುದಿಲ್ಲ. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯ ಸಮೇತ ಓಡಿಬಂದು ಹಗ್ಗ ಹಿಡಿಯುತ್ತಾನೆ. ಆಮೇಲೆ ಮದುಮಗ ಬರುತ್ತಾನೆ, ಮದುಮಗಳು ಬರುತ್ತಾಳೆ, ಪುರೋಹಿತರ ಆಡೂ ಬರುತ್ತದೆ. ಎಲ್ಲರಿಗಿಂತ ಕೊನೆಗೆ ಕುಂಟು ಮುದುಕಿ ಪುಟ್ಟಕ್ಕ ಬಂದು, ಎಳೆಯಲಾಗದೆ, ಹಗ್ಗದ ತುದಿ ಹಿಡಿದು ಮರಳಲ್ಲಿ ಕೂರುತ್ತಾಳೆ. ಬಲೆ ಮೆಲ್ಲನೆ ಅಲುಗುತ್ತದೆ, ದಡಕ್ಕೆ ಬರುತ್ತದೆ, ಮತ್ತೆ... ಗೆದ್ದಲು!

ಬಲೆಯಲ್ಲಿ ಏನಿತ್ತು? ಆ ಮಳೆಗಾಲವಿಡೀ ಇದೇ ಜಗಳ. ತಿಮಿಂಗಿಲ ಅಂದವರಿದ್ದರು, ಮುಳುಗಿದ ಹಡಗು ಅಂದವರಿದ್ದರು. ಮೊಮ್ಮಗಳಾದ ನನ್ನನ್ನು ‘ಬಾಯ್’ ಅನ್ನುತ್ತಿದ್ದ ಅಜ್ಜನ ಪ್ರಶ್ನೆ ಮಾತ್ರ ಬೇರೆ.

“ಬಲೆಯಾಗೆ ಎಂತಾದ್ರೂ ಇರ್ಲಿ ಬಾಯ್. ಆ ಮುದುಕಿಗೆ ಪಾಲು ಕೊಟ್ರಾ ಇಲ್ವಾ, ಅದು ಹೇಳು.”

ಅಜ್ಜ ಹಾಗೆ ಕೇಳುವುದಕ್ಕೆ ಕಾರಣವಿತ್ತು. ನಮ್ಮದು ದಡದಿಂದ ಎಳೆಯುವ ಬಲೆ. ನೂರಾರು ಜನ ಎಳೆಯುವ ರಂಪಣಿ ಬಲೆಯಷ್ಟು ದೊಡ್ಡದಲ್ಲ, ಅದರ ತಂಗಿ ಅನ್ನಬಹುದು. ದೋಣಿ ಬಲೆಯನ್ನು ನೀರಲ್ಲಿ ಅರ್ಧಚಂದ್ರದಂತೆ ಬಿಟ್ಟು ಬಂದರೆ, ಎರಡು ತುದಿಯ ಹಗ್ಗವನ್ನು ಎರಡು ಸಾಲು ಜನ ಹಿಡಿದು ಸಮನಾಗಿ ಎಳೆಯಬೇಕು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು, ಇದು ಹಿಂದಿನಿಂದ ಬಂದ ನಿಯಮ. ಸೊಂಟ ಹಿಡಿದ ಮೇಲೆ ಅಜ್ಜನಿಗೆ ಎಳೆಯಲಾಗುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಕೂತು, ಬಂದ ಹಗ್ಗವನ್ನು ಸುರುಳಿ ಸುತ್ತುತ್ತಿದ್ದ. ಆದರೂ ಪೂರ್ತಿ ಪಾಲು ಬರುತ್ತಿತ್ತು. ಆ ವರ್ಷ ಹೊಸದಾಗಿ ತಂಡದ ತಾಂಡೇಲ, ಅಂದರೆ ಮುಖ್ಯಸ್ಥನಾದ ದತ್ತಾ ಎಲ್ಲರೆದುರೇ ಹೇಳಿಬಿಟ್ಟಿದ್ದ: “ಶ್ರಾವಣದ ಹುಣ್ಣಿಮೆ ಆಗಿ ಬಲೆ ಬಿಟ್ಮೇಲೆ ಎಳೆದವ್ರಿಗೆ ಮಾತ್ರ ಪಾಲು. ಕೂತವ್ರಿಗೆ ಒಂದು ಹೊತ್ತಿನ ಸಾರಿಗಾಗೂವಷ್ಟು ಕೊಟ್ರೆ ಸಾಕು.” ದತ್ತಾ ಕೆಟ್ಟವನಲ್ಲ. ಸಣ್ಣ ಪ್ರಾಯ, ದೊಡ್ಡ ಗಂಟಲು, ಅಷ್ಟೇ. ಅಂದಿನಿಂದ ಅಜ್ಜ ಪುಟ್ಟಕ್ಕನ ವಿಚಾರ ಬಿಡಲಿಲ್ಲ.

ಅಷ್ಟರಲ್ಲಿ ಪೇಟೆಯ ಗೋಡೆಗಳ ಮೇಲೆ ಪೋಸ್ಟರ್ ಬಿತ್ತು. ನಮ್ಮ ಗುಂಡುಮಾಮ ಸಿನೆಮಾ ಆಗಿದ್ದ! ಸುದ್ದಿ ತಂದವಳು ನಾನೇ. ಕೊಡೆ ಮಡಚಿ ಬಗಲಲ್ಲಿಟ್ಟುಕೊಂಡು, ಮಳೆಯಲ್ಲಿ ನೆನೆಯುತ್ತ ಓಡಿದ್ದೆ. ಬಿಚ್ಚಿಕೊಂಡು ಓಡಿದರೆ ತಡವಾಗುತ್ತದಲ್ಲ!

“ಅಜ್ಜಾ, ಕೊನೆ ಗೊತ್ತಾಗ್ತದೆ! ಸಿನೆಮಾದಲ್ಲಿ ಕೊನೆ ಇರ್ತದೆ!”

ಸಿನೆಮಾ ಅಂದರೆ ಮೂಗು ಮುರಿಯುವ ಅಜ್ಜ ಸೂಜಿ ಕೆಳಗಿಟ್ಟು, “ಹಾಗಾದ್ರೆ ಹೋಗೂದೇ” ಅಂದ.

ಮಧ್ಯಾಹ್ನದ ಆಟಕ್ಕೆ ಇಡೀ ಮಾಡು ಹೊರಟಿತು. ಅಮ್ಮ, ನಮ್ಮಲ್ಲಿ ಆಯಿ, ಹುರಿದ ಅವಲಕ್ಕಿ ಕಟ್ಟಿಕೊಂಡಳು. ಅಜ್ಜ ಸತ್ಯನಾರಾಯಣ ಪೂಜೆಗೆ ಮಾತ್ರ ಹೊರಬರುವ ಬಿಳಿ ಅಂಗಿ ಹಾಕಿಕೊಂಡ. ಟಾಕೀಸಿನಲ್ಲಿ ನಮ್ಮದೇ ಎರಡು ಸಾಲು, ಥೇಟ್ ಬಲೆ ಎಳೆಯಲು ನಿಂತ ಹಾಗೆ.

ಶುರುವಾಯಿತು ನೋಡಿ. ಪುಸ್ತಕದ ಗುಂಡುಮಾಮ ದಪ್ಪ. ಸಿನೆಮಾದವನು ತೆಳ್ಳಗೆ, ಕಪ್ಪು ಕನ್ನಡಕ. “ಇವ್ನು ಗುಂಡುಮಾಮ ಅಲ್ಲ, ಗುಂಡುಮಾಮನ ಅಳಿಯ!” ಎಂದು ಯಾರೋ ಕೂಗಿದರು. ಆಡು ಇರಲಿಲ್ಲ, ಅದರ ಬದಲು ಹಿಮದ ಮೇಲೆ ಒಂದು ಹಾಡು. ಮೀನು ಹಿಡಿಯುವವನಿಗೆ ಹಿಮದಲ್ಲೇನು ಕೆಲಸ? “ಮೀನು ಕೆಡಬಾರ್ದಲ್ಲ, ಐಸಿಗೆ ಹೋಗಿದ್ದಾನೆ” ಅಂದಳು ಆಯಿ. ನಮ್ಮ ಸಾಲು ನಕ್ಕಿದ್ದಕ್ಕೆ ಹಿಂದಿನ ಸಾಲಿನವರೂ ನಕ್ಕರು. ನಿಜ ಹೇಳಬೇಕೆಂದರೆ ನನಗೆ ಎಲ್ಲವೂ ಚೆಂದವೇ ಕಂಡಿತ್ತು. ಅರ್ಧ ಬೋಳಿಸಿದ ಗಿರಾಕಿ ಬಂದಾಗಲಂತೂ ನಾನು ಕುರ್ಚಿಯ ಮೇಲೆ ನಿಂತಿದ್ದೆ. ನಾನೇ ಓದಿ ಎಲ್ಲರಿಗೆ ಹೇಳಿದ್ದ ಮನುಷ್ಯ ಅಷ್ಟು ದೊಡ್ಡವನಾಗಿ ಎದುರಿಗೆ ಓಡುತ್ತಿದ್ದಾನೆ!

ಕೊನೆಗೆ ಬಂತು ಬಲೆ ಎಳೆಯುವ ದೃಶ್ಯ. ಎಡಗಡೆ ಜನವೋ ಜನ; ಬಲಗಡೆ ಹಗ್ಗ ಸಡಿಲವಾಗಿ ನೀರಲ್ಲಿ ತೇಲುತ್ತಿದೆ. ನಮ್ಮವರಿಗೆ ತಡೆಯಲಾಗಲಿಲ್ಲ.

“ಏ, ಆ ಬದಿ ಹಿಡೀರಿ ರೇ! ಮೀನೆಲ್ಲ ಹೋಯ್ತು!” ದತ್ತಾ ಎದ್ದೇ ನಿಂತ.

“ಕೂತ್ಕೊಳ್ಳೋ, ಕಾಣೂದಿಲ್ಲ!” ಹಿಂದಿನಿಂದ ಒಬ್ಬ.

“ಕಂಡು ಎಂತಾ ಮಾಡ್ತೆ? ಬಾ, ಹಗ್ಗ ಹಿಡಿ!”

ಪರದೆಯ ಮೇಲೆ ಪುಟ್ಟಕ್ಕ ಬಂದಳು. ಒಮ್ಮೆ ಜಾರಿಬಿದ್ದು ನಗಿಸಿ ಮಾಯವಾದಳು. ಹಗ್ಗ ಮುಟ್ಟಲೇ ಇಲ್ಲ. ನಾನು ಅಜ್ಜನ ಮುಖ ನೋಡಿದೆ. ಆತ ಕುರ್ಚಿಯ ಅಂಚಿಗೆ ಬಂದಿದ್ದ. ಇತ್ತ ನಮ್ಮ ಎರಡೂ ಸಾಲು “ಹೈಸೋ... ಹೈಸಾ” ಶುರುಮಾಡಿತ್ತು, ಟಾಕೀಸಿಗೆ ಟಾಕೀಸೇ ದನಿ ಸೇರಿಸಿತ್ತು. ಬಲೆ ಉಬ್ಬಿತು, ದಡದ ಸಮೀಪಕ್ಕೆ ಬಂತು, ನಾಯಕ ನೀರಿಗಿಳಿದು ಬಾಯಿ ತೆರೆದು ಬಲೆಯೊಳಗೆ ಇಣುಕಿದ. ಚಿತ್ರ ಅಲ್ಲೇ ನಿಂತಿತು. ಮೇಲೆ ದಪ್ಪ ಅಕ್ಷರ: ‘ಉಳಿದದ್ದು ಎರಡನೇ ಭಾಗದಲ್ಲಿ’.

ದೀಪ ಹತ್ತಿತು. ಜೊತೆಗೇ ಎದ್ದಿತು ದತ್ತಾನ ಗಂಟಲು: “ಇಷ್ಟು ಹೊತ್ತು ಕೂತಿದ್ದಕ್ಕೆ ನಮ್ಗೆ ಎಂತಾ ಸಿಕ್ತು? ನಮ್ ಪಾಲು ಎಲ್ಲಿ?”

ಜನ ಬೈಯುತ್ತ ಹೊರನಡೆದರು. ಅಜ್ಜ ಮಾತ್ರ ಏಳಲಿಲ್ಲ. ಅಜ್ಜ ಏಳದ ಮೇಲೆ ನಮ್ಮ ಸಾಲಿನವರು ಏಳುವುದು ಹೇಗೆ? ಗೇಟಿನವನು ಟಾರ್ಚು ಹಿಡಿದು ಬಂದ.

“ಅಜ್ಜಾ, ಮುಗೀತು.”

“ಎಲ್ಲಿ ಮುಗೀತು? ಬಲೆ ನೀರಾಗೇ ಇದ್ಯಲ್ಲ.”

“ಅದು ಎರಡನೇ ಭಾಗದಲ್ಲಿ ತೆಗೀತಾರೆ. ಬರೂ ವರ್ಷ ಬನ್ನಿ.”

“ಬರೂ ವರ್ಷದ ತನಕ ಬಿಟ್ರೆ ಮೀನು ಕೊಳೆಯೂದಿಲ್ವಾ ಮಾರಾಯ? ಬಲೆ ನೀರಾಗೆ ಬಿಟ್ಟು ಯಾರಾದ್ರೂ ಮನೆಗೆ ಹೋಗ್ತಾರಾ?”

ಗೇಟಿನವನಿಗೆ ನಗು ಬಂತು. ಆದರೆ ಅಜ್ಜ ತಮಾಷೆ ಮಾಡುತ್ತಿರಲಿಲ್ಲ. ಹೊರಗೆ ಮುಂದಿನ ಆಟದವರು ಬಾಗಿಲು ಬಡಿಯತೊಡಗಿದರು. ನನಗೆ ಎಲ್ಲಿಂದ ಹೊಳೆಯಿತೋ, ಅಜ್ಜನ ಕೈಹಿಡಿದು ಹೇಳಿದೆ: “ಬಾ ಅಜ್ಜಾ. ನಾವೇ ಎಳೆಯುವಾ.”

ಅಜ್ಜ ಎದ್ದ.

ಆ ಸಂಜೆಯಂಥ ಸಂಜೆ ಮತ್ತೆ ಬರಲಿಲ್ಲ. ಮಾಡಿನ ಮರದ ಕಂಬಕ್ಕೆ ನಿಜವಾದ ಹಗ್ಗ ಕಟ್ಟಿದೆವು. ಒದ್ದೆ ಬಟ್ಟೆಯಲ್ಲೇ ಎಲ್ಲರೂ ಸಾಲಾದರು, ಅಜ್ಜ ತುದಿ ಹಿಡಿದು ಕೂತ. ಒಂದೊಂದು ಎಳೆತಕ್ಕೆ ಒಬ್ಬೊಬ್ಬರು ಬಲೆಯಲ್ಲಿ ಕಂಡದ್ದನ್ನು ಕೂಗಬೇಕು. “ಹೈಸೋ!” ಬಿಣಗಾ ಬಸ್ಸು, ಪ್ರಯಾಣಿಕರ ಸಮೇತ, ಕಂಡಕ್ಟರ್ ಇನ್ನೂ ಚಿಲ್ಲರೆ ಕೊಟ್ಟಿಲ್ಲ. “ಹೈಸಾ!” ನಮ್ಮ ಹೆಡ್‌ಮಾಸ್ತರರು, ಬೆತ್ತ ಮಾತ್ರ ಏಡಿಯ ಕೈಯಲ್ಲಿ. “ಹೈಸೋ!” ಆ ಸಿನೆಮಾ ತೆಗೆದವನು, ತಲೆಕೆಳಗಾಗಿ! ನಗುತ್ತ ನಗುತ್ತ ಎಳೆದ ರಭಸಕ್ಕೆ ಮಾಡು ಅಲುಗಿ ಒಂದು ಹಂಚು ಜಾರಿತು. ಮಳೆ ನೇರ ದತ್ತಾನ ತಲೆಯ ಮೇಲೆ.

ಬಲೆ ಬಂತು. ಇನ್ನು ತಾಂಡೇಲ ಪಾಲು ಹಾಕಬೇಕು. ದತ್ತಾ ಗತ್ತಿನಿಂದ ಹಲಸಿನ ಬೀಜಗಳನ್ನೇ ಗುಡ್ಡೆ ಮಾಡಿ ಹಂಚಿದ: ಇದು ಕ್ಷೌರದವನಿಗೆ, ಇದು ಮದುಮಗನಿಗೆ, ಇದು ಆಡಿಗೆ. “ಮುಗೀತು” ಅಂದ.

ಅಜ್ಜ ಹಗ್ಗದ ತುದಿ ಬಿಡಲಿಲ್ಲ.

ಆಯಿ ಚಹಾದ ಪಾತ್ರೆ ಇಳಿಸಿ ಕೇಳಿದಳು: “ಮುದುಕಿದು?”

“ಅವ್ಳು ಎಳೀಲಿಲ್ವಲ್ಲ ಅತ್ಗೆ. ಬರೇ ಕೂತಿದ್ಳು.”

“ಟಾಕೀಸಿನಾಗೆ ನೀನೂ ಬರೇ ಕೂತದ್ದೇ ಅಲ್ವನಾ ದತ್ತಾ? ಪಾಲು ಎಲ್ಲಿ ಅಂತ ಅಷ್ಟು ದೊಡ್ಡಕೆ ಕೇಳ್ದವ ಯಾರು?”

ಮಾಡು ಬಿದ್ದುಹೋಗುವ ಹಾಗೆ ನಗು. ದತ್ತಾ ತಲೆಯ ನೀರು ಒರೆಸಿಕೊಂಡ. ತನ್ನ ಗುಡ್ಡೆ ನೋಡಿದ, ಅಜ್ಜನ ಕೈಯಲ್ಲಿದ್ದ ಹಗ್ಗ ನೋಡಿದ. ಆಮೇಲೆ ಎಲ್ಲರ ಗುಡ್ಡೆಯಿಂದ ಒಂದೊಂದು ಬೀಜ ಎತ್ತಿ, ತನ್ನದರಿಂದ ಒಂದು ಹಿಡಿ ಸೇರಿಸಿ, ಅಜ್ಜನ ಮುಂದಿಟ್ಟ. ಅಜ್ಜ ಆಗ ಹಗ್ಗ ಬಿಟ್ಟ.

ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ಹುಣ್ಣಿಮೆ ಕಳೆದು ಮೊದಲ ಬಲೆ ಎಳೆದ ದಿನ ನಾನು ಶಾಲೆ ತಪ್ಪಿಸಿ ದಡದಲ್ಲಿದ್ದೆ. ಮರಳ ಮೇಲೆ ಬಂಗಡೆ ಮಿರಮಿರ ಮಿಂಚುತ್ತಿತ್ತು. ದತ್ತಾ ಮೊದಲ ಗುಡ್ಡೆಯನ್ನೇ ಅಜ್ಜನ ಎದುರು ಸುರಿದ, ಪೂರ್ತಿ ಪಾಲು. “ತಕಾ ಅಜ್ಜಾ, ಪುಟ್ಟಕ್ಕಂದು!” ಅಂದಿನ ಬಂಗಡೆ ಸಾರಿನ ರುಚಿ ನನ್ನ ನಾಲಿಗೆಯಲ್ಲಿ ಈಗಲೂ ಇದೆ.

ಎರಡನೇ ಭಾಗ ಬಂತು. ಬರುವ ವರ್ಷವಲ್ಲ, ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಅಜ್ಜ ಇರಲಿಲ್ಲ, ಆ ಟಾಕೀಸಿಗೆ ಬೀಗ ಬಿದ್ದಿತ್ತು, ನಮ್ಮ ತಂಡದವರು ಯಾಂತ್ರಿಕ ದೋಣಿಗಳಿಗೆ ಹಂಚಿಹೋಗಿದ್ದರು. ಬಿಣಗಾದ ನಮ್ಮ ಮನೆಯಲ್ಲಿ, ಮಗಳ ಜೊತೆ, ಮೊಬೈಲಿನಲ್ಲಿ ನೋಡಿದೆ. ಬಲೆಯಲ್ಲಿ ಖಳನಾಯಕನ ಚಿನ್ನ ಸಿಕ್ಕಿತು. ಮೊದಲ ಭಾಗದ ನಗೆಯನ್ನೇ ಎರಡು ಪಟ್ಟು ಗದ್ದಲದಲ್ಲಿ ಮತ್ತೆ ಮಾಡಿದ್ದರು. ಮೀನು ಬಿದ್ದ ಜಾಗದಲ್ಲೇ ಆಸೆಗೆ ಮತ್ತೆ ಬಲೆ ಬಿಟ್ಟರೆ ಬರುವುದು ಯಾರೂ ತಿನ್ನದ ಲೋಳೆಮೀನು ಎಂದು ಅಜ್ಜ ಹೇಳುತ್ತಿದ್ದ. ನಗೆಚಿತ್ರಗಳ ಎರಡನೇ ಭಾಗದ ಬಗ್ಗೆ ನನ್ನ ಅಭಿಪ್ರಾಯವೂ ಅದೇ. ಹಾಗಂತ ಬಂದರೆ ನೋಡದೆ ಬಿಡುವವಳಲ್ಲ ನಾನು. ಯಾರಿಗೆ ಗೊತ್ತು, ಒಂದಾದರೂ ಬಂಗಡೆ ಇದ್ದರೆ?

ಮೊನ್ನೆ ಅಂಕೋಲೆಯಲ್ಲಿ ಮಾವನ ಪರಿಚಯದವರ ಮನೆಯಲ್ಲಿ ಆ ಪುಸ್ತಕದ, ಗೆದ್ದಲು ಮುಟ್ಟದ ಒಂದು ಪ್ರತಿ ಸಿಕ್ಕಿತು. ನಿಂತಲ್ಲೇ ಕೊನೆಯ ಪುಟ ತೆರೆದೆ. ಬಲೆಯಲ್ಲಿದ್ದವನು ಸ್ವತಃ ಗುಂಡುಮಾಮ! ದೋಣಿಯಿಂದ ಬಲೆಯೊಳಗೆ ಉರುಳಿ ಅಲ್ಲೇ ನಿದ್ದೆ ಹೋಗಿದ್ದನಂತೆ. ಊರೆಲ್ಲ ನಕ್ಕಿತಂತೆ. ನಾನೂ ಗಟ್ಟಿಯಾಗಿ ನಕ್ಕೆ, ಮನೆಯವರು ಗಾಬರಿಯಾಗುವಷ್ಟು. ಆಮೇಲೆ ಪುಟವನ್ನು ಮೇಲಿಂದ ಕೆಳಗೆ ಮತ್ತೆ ಹುಡುಕಿದೆ. ಪುಟ್ಟಕ್ಕನ ಸುದ್ದಿಯೇ ಇಲ್ಲ. ಬರೆದವರೂ ಅವಳನ್ನು ಮರೆತಿದ್ದರು. ಅವಳಿಗೆ ಪಾಲು ಸಿಕ್ಕಿದ್ದು ನಮ್ಮ ಮಾಡಿನಲ್ಲಿ ಮಾತ್ರ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಕಿವಿಯ ವೈರು ತೆಗೆದು ಕೇಳಿದಳು, “ಬರೇ ಹಿಡ್ಕೊಂಡು ಕೂತಿದ್ದಕ್ಕೆ ಯಾಕೆ ಆಯಿ ಪಾಲು?”

ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ ಅನ್ನಿಸಿತು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ಕಿಟಕಿಯ ಸರಳಿಗೆ ಕಟ್ಟಿ, “ಹಿಡಿ” ಅಂದೆ. “ಹೈಸೋ!” ಅಂದೆ. “ಹೈಸಾ!” ಅಂದಳು, ಕಣ್ಣು ಅರಳಿಸಿ. ಕೂಗಿದೆವು, ಎಳೆದೆವು, ಬಲೆಯಲ್ಲಿ ಅವಳಿಗೆ ಒಂದು ಆನೆಮರಿಯೂ ಕಂಡಿತು.

ಆಮೇಲೆ ಅವಳು ನಿಂತು, ಹಗ್ಗ ಹಿಡಿದೇ, ಖಾಲಿ ಪಡಸಾಲೆಯತ್ತ ಹಿಂತಿರುಗಿ ನೋಡಿದಳು.

“ಇನ್ನೂ ಜನ ಬೇಕಲ್ಲ ಆಯಿ? ತುದಿ ಹಿಡ್ಕೊಂಡು ಕೂರೂಕಾದ್ರೂ ಒಬ್ರು?”