ಅವರೆ ಮಡಿಗೆ ಬಂದ ಉಪ್ಪುನೀರು

ಇವತ್ತು ಮಗುವಿನ ಸ್ನಾನಕ್ಕೆ ಹಿಡಿದ ನಲ್ಲಿ ನೀರು ನಾಲಿಗೆಗೆ ಉಪ್ಪುಪ್ಪಾಯಿತು. ಚಿಕ್ಕಂದಿನಲ್ಲಿ ನಾವಿದ್ದ, ಮಲಯಾಳ ಸೀಮೆಯ ವೈಟ್ಟಿಲದ ಹಳೇ ಬಾಡಿಗೆಮನೆ ನೆನಪಾಗಿ ಮೈ ಉರಿಯಿತು.

ಅಲ್ಲಿನ ಹಿತ್ತಿಲಲ್ಲಿ ಅಮ್ಮ ಮೈಸೂರಿನ ತವರಿಂದ ತಂದ ಅವರೆ ಬಿತ್ತಿದ್ದಳು. ಮೊದಲ ವರ್ಷ ಮಳೆ ಬಿಡಲೇ ಇಲ್ಲ. ನೀರು ನಿಂತು ಅರ್ಧ ಗಿಡ ಕೊಳೆತವು. ಬ್ಯಾಂಕಿನಲ್ಲಿದ್ದ ಅಪ್ಪ ಸಮುದ್ರಕ್ಕೆ ಕೂಡುವ ಹಿನ್ನೀರಿನವರೆಗೂ ಬಸಿಗಾಲುವೆ ತೋಡಿಸಿದರು. ಉಳಿದ ಗಿಡ ಚೇತರಿಸಿಕೊಂಡವು. ಅಪ್ಪನ ಜಂಬ ಹೇಳತೀರದು.

ಮರುವರ್ಷ ಮಳೆ ಕೈಕೊಟ್ಟಿತು. ಪಕ್ಕದ ಮನೆಯ ಮುದುಕಿ ಅಮ್ಮಚ್ಚಿ ಬೇಲಿಯಾಚೆಯಿಂದ ಮಲಯಾಳದಲ್ಲಿ ಕೂಗಿದರು: "ಸಾರೇ, ಕಾಲುವೆ ಬಾಯಿ ಕಟ್ಟಿ! ಮಳೆನೀರು ಎದುರು ತಳ್ಳದಿದ್ದರೆ ಸಮುದ್ರದ ನೀರು ಒಳಗೆ ಬರುತ್ತೆ."

"ರೀ, ಕಟ್ಟಿಸಿಬಿಡಿ, ನನ್ನ ಹತ್ರ ಬೇರೆ ಬೀಜ ಇಲ್ಲ," ಅಂದಳು ಅಮ್ಮ.

"ನೀರು ಹೊರಗೆ ಹೋಗೋಕೆ ಕಾಲುವೆ ಕಣೇ. ಸುಮ್ನಿರು," ಅಂದರು ಅಪ್ಪ.

ಹುಣ್ಣಿಮೆಯ ಉಬ್ಬರಕ್ಕೆ ಉಪ್ಪುನೀರು ಅದೇ ಕಾಲುವೆ ಹಿಡಿದು ಬಂತು. ಹೂಬಿಟ್ಟ ಅವರೆ ಸುಟ್ಟಂತೆ ಒಣಗಿತು. ಅಮ್ಮ ಆ ಗಿಡಗಳನ್ನು ಕಿತ್ತು ತಂದು ಅಪ್ಪನ ಊಟದ ತಟ್ಟೆಗೇ ಹಾಕಿದಳು.

"ತಿನ್ನಿ."

"ಈ ಊರಿನ ನೀರಿಗೇ ನಿಯತ್ತಿಲ್ಲ," ಅಂದರು ಅಪ್ಪ. ತಪ್ಪಾಯಿತು ಅನ್ನಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಆ ಅವರೆಯ ಸೊಗಡು ಮತ್ತೆ ಏಳಲಿಲ್ಲ.

ಈಗ ನೀರು ಉಪ್ಪು ಅಂದಿದ್ದಕ್ಕೆ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಒಂದಿನ ಉಪ್ಪುನೀರು ಹುಯ್ದರೆ ಮಗು ಕರಗಿಹೋಗಲ್ಲ ಬಿಡು," ಅಂದರು. ರಾತ್ರಿಯಿಡೀ ನಿದ್ದೆಯಿಲ್ಲದವಳು ನಾನು. ಅದೇ ನೀರಲ್ಲಿ ಕಾಫಿ ಮಾಡಿ ಅವರ ಮುಂದೆ ಕುಕ್ಕಿದೆ.

"ಕುಡೀರಿ."