ಫಿನ್ಲೆಂಡಿಗೆ ಕಟ್ಟಿದ ಬುತ್ತಿ

ಇಂಗ್ಲಿಷಿನವರು ಹಾರ್ಡ್ ಅಂತ ಒಂದೇ ಮಾತು ಅಂದು ಕೈ ತೊಳಕೊಂಡುಬಿಡ್ತಾರ. ಕಲ್ಲು ಹಾರ್ಡ್, ಪರೀಕ್ಷಾ ಹಾರ್ಡ್, ಚಳಿಗಾಲ ಹಾರ್ಡ್, ದುಡಿಮಿ ಹಾರ್ಡ್. ಫಿನ್ನಿಶ್ ಭಾಷಾದಾಗ ಹಂಗ ನಡ್ಯಂಗಿಲ್ಲ. ಕಲ್ಲು ಕೊವಾ. ಪರೀಕ್ಷಾ ವೈಕೆಆ. ಚಳಿಗಾಲ ಅಂಕರಾ. ಮೈ ಮುರಿಯೋ ಕೆಲಸ ರಸ್ಕಸ್. ಬೆವರು ಸುರಿಸಿ ದುಡಿಯೋ ಹೆಣ್ಣುಮಗಳು ಅಹ್ಕೆರಾ. ಇಷ್ಟನ್ನೂ ನಾ ಕಲ್ತದ್ದು ಶಹಾಬಾದದಿಂದ ಸೇಡಂಗೆ ಹೋಗೋ ಪ್ಯಾಸೆಂಜರ್ ಗಾಡ್ಯಾಗ, ಕಿವಿಗಿ ಇಯರ್‌ಫೋನ್ ಹಾಕ್ಕೊಂಡು. ವಾಡಿ ಬರೂದ್ರಾಗ ಬಾಯಿಗಿ ಬಂದ ಪದ ಚಿತ್ತಾಪುರ ದಾಟೂದ್ರಾಗ ಮರ್ತು ಹೋಗ್ತಿತ್ತು. ಎದುರಿಗಿ ಕುಂತವರು ಯಾವುದೋ ಮಂತ್ರ ಜಪಿಸ್ಲಿಕತ್ತಾಳ ಅಂತ ತಿಳ್ಕೊಂಡಿರಬೇಕು. ತಿಳ್ಕೊಳ್ಳಲಿ, ನನಗೇನು.

ನಾ ಸೇಡಂದಾಗ ಒಂದು ಖಾಸಗಿ ದವಾಖಾನ್ಯಾಗ ನರ್ಸ್. ಫಿನ್ಲೆಂಡಿನ್ಯಾಗ ನರ್ಸ್ ಬೇಕಾಗ್ಯಾರ, ಆದ್ರ ಅಲ್ಲಿ ಮುದುಕರ ಮುಂದ ಇಂಗ್ಲಿಷ್ ನಡ್ಯಂಗಿಲ್ಲ, ಅವರ ಭಾಷಾದ ಪರೀಕ್ಷಾ ಪಾಸಾಗಬೇಕು ಅಂತ ಒಂದು ಏಜೆನ್ಸಿಯವರು ಹೇಳಿದ್ರು. ಫೋನಿನ್ಯಾಗ ಪಾಠ ಹೇಳೋ ಬಾಯಾರನ್ನೂ ಅವರೇ ಗೊತ್ತು ಮಾಡಿದ್ರು. ಆ ಪರೀಕ್ಷಾ ನನಗಿಂತ ನಮ್ಮವ್ವಗ ಹೆಚ್ಚು ಬೇಕಾಗಿತ್ತು.

ಅವ್ವ ಶಹಾಬಾದದಾಗ ನೆಲಕ್ಕ ಹಾಸೋ ಫರಸಿ ಕಲ್ಲು ಪಾಲಿಶ್ ಮಾಡೋ ಕಾರ್ಖಾನ್ಯಾಗ ವಯಸ್ಸೆಲ್ಲ ಕಳೆದಾಕಿ. ಆ ಕಲ್ಲಿನ ಪುಡಿ ಅಕಿ ಎದ್ಯಾಗ ಹೋಗಿ ಕುಂತದ. ಡಾಕ್ಟರು ಎಕ್ಸ್‌ರೇ ಹಿಡಿದು, "ಇದು ಹೋಗೂದಲ್ಲವ್ವಾ, ಹೆಚ್ಚಾಗದಂಗ ನೋಡ್ಕೋರಿ" ಅಂದ್ರು. ಹ್ಯಾಂಗ ನೋಡ್ಕೋಬೇಕು? ನಮ್ಮ ಓಣ್ಯಾಗ ಒಗೆದ ಅರಿವಿ ಒಣಗೂದ್ರಾಗ ಮತ್ತ ಧೂಳು ಹಿಡೀತದ. "ನೀ ಒಬ್ಬಾಕೆರೆ ಈ ಧೂಳು ಬಿಟ್ಟು ಹೋಗು. ನನ್ನ ನೋಡ್ಲಿಕ್ಕ ನಿಮ್ಮಣ್ಣ ಅದಾನ, ವೈನಿ ಅದಾಳ" ಅಂತ ದಿನಾ ಅನ್ನಾಕಿ.

ನಾ ಪರೀಕ್ಷಾ ಕೊಟ್ಟು ಬಂದ ದಿನಾನೇ ಅಕಿ ಬುತ್ತಿಗಿ ಕುಂತಳು. ಫಲಿತಾಂಶ ಇಲ್ಲ, ವೀಸಾ ಇಲ್ಲ, ಬುತ್ತಿ ತಯಾರು. ಕೂಸು ಹುಟ್ಟೂ ಮೊದಲೇ ಕುಲಾವಿ ಅಂತಾರಲ್ಲ, ಹಂಗ. ನಮ್ಮ ಕಡೆ ದೂರ ಹೋಗೋರಿಗಿ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಸ್ತಾರ. ಫಿನ್ಲೆಂಡಿನ ಮಂದೀನೂ ಒಣಗಿಸಿದ ಕಡಕ್ ರೊಟ್ಟಿ ತಿಂತಾರಂತ ಬಾಯಾರು ಹೇಳಿದ್ದನ್ನ ಅವ್ವಗ ಹೇಳಿದ್ದೆ. "ಹಂಗಾದ್ರ ಛಲೋ ಮಂದಿ" ಅಂದಿದ್ದಳು.

ಆದ್ರ ಒಲಿ ಮುಂದ ಕುಂದ್ರೂದು ಅಕಿಗಿ ವಿಷ. ನಾ ಬೈದೆ. "ದಮ್ಮು ಎಳ್ಕೊಂತ ರೊಟ್ಟಿ ಬಡೀತಿಯೇನು? ಏಳು, ವೈನಿ ಮಾಡ್ತಾಳ."

"ಅಕಿ ರೊಟ್ಟಿ ದಪ್ಪ ಆಗ್ತಾವ" ಅಂದಳು. ವೈನಿ ಅಲ್ಲೇ ನಿಂತಿದ್ದಳು, ಪಾಪ, ನಕ್ಕು ಒಲ್ಯಾಗಿನ ಕಟಗಿ ಸರಿಸಿದಳು.

ಒಂದು ರೊಟ್ಟಿ ಬಡಿಯೂದು, ಗ್ವಾಡಿಗಿ ಆನ್ಕೊಂಡು ಉಸಿರು ತಗೊಳ್ಳೂದು, ಮತ್ತ ಒಂದು. ಹಿಂಗ ಎಳೆಯೋ ಉಸಿರಿಗೂ ರಸ್ಕಸ್ ಅಂತಾರ ಅಂತ ಬಾಯಾರು ಕಲಿಸಿದ್ದು ನೆನಪಾಗಿ ನನಗ ಭಾಳ ಸಿಟ್ಟು ಬಂತು. ಯಾರ ಮ್ಯಾಲಂತ ಗೊತ್ತಿಲ್ಲ.

ರೊಟ್ಟಿ ಒಣಗಿದ ಮ್ಯಾಲ ಬಿಳಿ ಅರಿವ್ಯಾಗ ಗಂಟು ಬಿಗಿದು ಕಪಾಟಿನ ಮ್ಯಾಲ ಇಟ್ಟಳು. "ಕಟ್ಟಿದ ಬುತ್ತಿ ಮನ್ಯಾಗ ಬಿಚ್ಚಬಾರದು. ಬಿಚ್ಚಿದ್ರ ಹೋಗೂದು ತಪ್ತದ" ಅಂತ ಎಲ್ಲಾರಿಗೂ ತಾಕೀತು ಮಾಡಿದಳು.

ಫಲಿತಾಂಶ ಬಂತು. ಫೇಲ್. ಬರಿಯೂದ್ರಾಗ ಪಾಸು, ಮಾತಾಡೂದ್ರಾಗ ಬಿದ್ದಿದ್ದೆ. ಮನಿಯವರ ಕೆಲಸದ ಬಗ್ಗೆ ಹೇಳ್ರಿ ಅಂತ ಕೇಳಿದ್ರು. ಅವ್ವನ ಸುದ್ದಿ ಹೇಳಬೇಕಂತ ಬಾಯಿ ತೆಗೆದೆ, ರಸ್ಕಸ್ ಅಂತ ಒಂದೇ ಪದ ಮತ್ತ ಮತ್ತ ಅಂದೆ, ವ್ಯಾಳ್ಯಾ ಮುಗೀತು. ಏಜೆನ್ಸಿಗಿ ಫೋನ್ ಹಚ್ಚಿ, "ಮತ್ತೊಮ್ಮೆ ಕುಂದ್ರತೀನ್ರಿ" ಅಂದೆ. "ಅಲ್ಲಿ ಈಗ ಮಂದಿ ಸಾಕಾಗ್ಯಾರಂತರಿ, ನಮ್ಮ ಪಾಠಾನೂ ಬಂದ್ ಆಯ್ತು" ಅಂದ್ರು. ಆಮ್ಯಾಲ ಬಾಯಾರ ನಂಬರೂ ಹತ್ತಲಿಲ್ಲ.

ಅವ್ವಗ ಅವತ್ತೇ ಹೇಳಿದೆ. ಅಕಿ ಗಂಟು ಮಾತ್ರ ಇಳಸಗೊಡಲಿಲ್ಲ. "ಇರ್ಲಿ ಬಿಡು, ಕಡಕ್ ರೊಟ್ಟಿ ಕೆಡೂದಲ್ಲ. ಇನ್ನೊಂದು ಯಾವುದಾರೆ ದೇಶ ಕರೀತದ" ಅಂದಳು.

ಯಾವ ದೇಶಾನೂ ಕರೀಲಿಲ್ಲ. ಮುಂದಿನ ಅಮಾಸಿ ಬರೂದ್ರಾಗ ಅಕಿಗಿ ಕುಂತಲ್ಲೇ ದಮ್ಮು ಹತ್ತಿತು. ತುತ್ತು ಅಗಿದ್ರ ಉಸಿರಿಲ್ಲ, ಉಸಿರು ತಗೊಂಡ್ರ ತುತ್ತಿಲ್ಲ. ಒಂದು ಮಧ್ಯಾಹ್ನ ನಾ ಡ್ಯೂಟಿ ಬಿಟ್ಟು ಬಾಜೂ ಕುಂತಿದ್ದೆ. ಕಪಾಟಿನ ಕಡೆ ಕೈ ತೋರಿಸಿದಳು. ಗುಳಿಗಿ ಬೇಕೇನೋ ಅಂತ ಎದ್ದೆ.

"ಬುತ್ತಿ ಬಿಚ್ಚು" ಅಂದಳು.

"ಮನ್ಯಾಗ ಬಿಚ್ಚಬಾರದು ಅಂದಿದ್ದಿಯಲ್ಲ."

"ಬಿಚ್ಚವ್ವ. ಇನ್ನ ಯಾರು ಹೋಗೋರದಾರ."

ಗಂಟು ಅಕಿ ಕೈಲೆ ಬಿಗಿದದ್ದು, ಹಲ್ಲು ಹಚ್ಚಿ ಬಿಚ್ಚಬೇಕಾಯ್ತು. ರೊಟ್ಟಿ ಒಂದೂ ಒಡೆದಿರಲಿಲ್ಲ. ಮುರಿದು ಬ್ಯಾಳಿ ಸಾರಿನ್ಯಾಗ ಹಾಕಿದೆ. ಅವು ಭಾಳ ಹೊತ್ತು ನೆನೀಲಿಲ್ಲ. ನಾ ತಾಟು ಹಿಡ್ಕೊಂಡು ಕಾಯ್ಕೊಂತ ಕುಂತೆ, ಅಕಿ ಕಣ್ಣು ಮುಚ್ಚಿ ಉಸಿರು ಎಳೀಲಿಕತ್ತಿದ್ದಳು. ಮೆತ್ತಗಾದ ಮ್ಯಾಲ ಸಣ್ಣ ಸಣ್ಣ ತುತ್ತು ಮಾಡಿ ತಿನಿಸಿದೆ. ನನಗಂತ ಬಡಿದ ರೊಟ್ಟಿ ಅಕೀನೇ ನುಂಗಿದಳು.

"ಛಲೋ ಆಗಿದ್ವು" ಅಂದಳು. ಸ್ವಲ್ಪ ಉಸಿರು ತಗೊಂಡು ಮತ್ತ ಅಂದಳು, "ಅಲ್ಲಿ ತನಕ ತಡೀತಿದ್ವು."